ಒಂದು ಸೀಸೆ, ಎರಡು ಸೂಜಿ

ನನ್ನ ಕಾಯಿಲೆಯ ಸುಳಿವು ನನಗಿಂತ ಮೊದಲು ಸಿಕ್ಕಿದ್ದು ಒಬ್ಬ ತೀರ್ಪುಗಾರರಿಗೆ. ತೊಂಬತ್ತರ ದಶಕದ ನಡುವಿನ ಮಾತು. ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ನನ್ನ ಮೂರನೆಯ ವಾದವನ್ನು ಮಂಡಿಸುತ್ತಿದ್ದಾಗ ವಾಕ್ಯದ ನಡುವೆ ಉಸಿರು ಸಾಲದೆ ಹೋಯಿತು. ಒಂದೊಂದು ವಾಕ್ಯಕ್ಕೂ ಎರಡೆರಡು ಬಾರಿ ನಿಲ್ಲಬೇಕಾಯಿತು. "ವಾದ ಗಟ್ಟಿ, ಧೈರ್ಯ ಸಾಲದು" ಎಂದು ತೀರ್ಪುಗಾರರು ಷರಾ ಬರೆದರು. ಧೈರ್ಯದ ವಿಷಯದಲ್ಲಿ ಅವರು ತಪ್ಪಿದ್ದರು. ಆದರೆ ಏನೋ ಸಾಲದಾಗಿದೆ ಎಂಬುದನ್ನು ಮೊದಲು ಗುರುತಿಸಿದವರು ಅವರೇ.

ಅದರ ಹಿಂದಿನ ವರ್ಷ ನನಗೆ ಜ್ವರದ ಜೊತೆ ಒಂದು ವಿಚಿತ್ರ ನೋವು ಬಂದಿತ್ತು. ಮೊಣಕಾಲಿನಲ್ಲಿ ಎರಡು ದಿನ ಇದ್ದು, ಅಲ್ಲಿಂದ ಹಿಮ್ಮಡಿಗೆ ಹೋಗಿ, ಅಲ್ಲಿಯೂ ನಿಲ್ಲದೆ ಮೊಣಕೈಗೆ ಬಂದು ಕೂತಿತ್ತು. ಅವ್ವ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದಳು. ನೋವು ಹೋಯಿತು, ನಾವೂ ಮರೆತೆವು. ಉಸಿರು ಸಾಲದಾದ ಮೇಲೆ ಅವ್ವ ಕರೆದೊಯ್ದ ದಾವಣಗೆರೆಯ ಡಾಕ್ಟರು ನನ್ನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ ಮೇಲೆ ವಿಚಾರಿಸಿದ್ದು ಆ ನೋವನ್ನೇ. ನಾವು ಮರೆತದ್ದನ್ನು ನನ್ನ ಗುಂಡಿಗೆ ಮರೆತಿರಲಿಲ್ಲ. ಅದರ ಕವಾಟವೊಂದು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ.

"ಆದದ್ದನ್ನು ಅಳಿಸಲಾಗದು, ಇನ್ನಷ್ಟು ಕೆಡದಂತೆ ಕಾಯಬಹುದು. ಆ ಜ್ವರ ಮತ್ತೆ ಬರದಂತೆ ಇಪ್ಪತ್ತೊಂದು ದಿನಕ್ಕೊಂದು ಪೆನ್ಸಿಲಿನ್ ಸೂಜಿ. ಒಂದೂ ತಪ್ಪಬಾರದು" ಎಂದರು ಡಾಕ್ಟರು.

"ಎಷ್ಟು ದಿನ?" ಎಂದೆ.

"ದಿನ ಅಲ್ಲಮ್ಮ, ವರ್ಷ ಕೇಳು."

ಹಿಂದಿರುಗುವಾಗ ಬಸ್ಸು ಹರಪನಹಳ್ಳಿಯಲ್ಲಿ ನಿಂತಿತು. ಎಲ್ಲರೂ ಚಹಾ ಕುಡಿಯಲು ಇಳಿದರು. ಖಾಲಿ ಬಸ್ಸಿನಲ್ಲಿ ಅವ್ವ ನನ್ನ ಕಿವಿಯ ಬಳಿ ಬಂದು, "ಯಾರ ಮುಂದೂ ಬಾಯಿ ಬಿಡಬ್ಯಾಡ. ಕೇಳಿದ್ರ ಕಣ್ಣು ತೋರಿಸಾಕ ಹೋಗಿದ್ವಿ ಅನ್ನು" ಎಂದಳು. ಅವಳ ಭಯ ನನ್ನ ಗುಂಡಿಗೆಯದಲ್ಲ, ನನ್ನ ಮದುವೆಯದು ಎಂದು ಅಂದು ಸಿಟ್ಟಾಗಿದ್ದೆ. ಎರಡನ್ನೂ ಅವಳು ಬೇರೆ ಬೇರೆಯಾಗಿ ನೋಡಲಾರದೆ ಹೋಗಿದ್ದಳು ಎಂದು ಈಗ ಅನ್ನಿಸುತ್ತದೆ.

ನಮ್ಮದು ಹಗರಿಬೊಮ್ಮನಹಳ್ಳಿಯಲ್ಲಿ ಬಟ್ಟೆ ಅಂಗಡಿಯ ಮನೆ. ಊರಿನ ವರ್ತಕರು ಕೂಡಿ ಒಂದು ಧರ್ಮಾರ್ಥ ದವಾಖಾನೆ ನಡೆಸುತ್ತಿದ್ದರು. ಅಲ್ಲಿ ಡಾಕ್ಟರು ನೋಡುವುದಕ್ಕೆ ಹಣವಿರಲಿಲ್ಲ; ಬರೆದುಕೊಟ್ಟ ಔಷಧಿಗೆ ಮಾತ್ರ ಅಸಲು ಬೆಲೆ ಕೊಡಬೇಕು. ನನ್ನ ಸೂಜಿ ಅಲ್ಲಿಯೇ ಎಂದು ನಿಶ್ಚಯವಾಯಿತು. ಮೊದಲು ಮುಂಗೈ ಮೇಲೆ ಒಂದು ಹನಿ ಚುಚ್ಚಿ ಅರ್ಧ ಗಂಟೆ ಬೆಂಚಿನ ಮೇಲೆ ಕೂಡಿಸುವರು. ಮೈಗೆ ಒಗ್ಗದಿದ್ದರೆ ಅಲ್ಲಿ ಕೆಂಪಗೆ ಉಬ್ಬುತ್ತದೆ. ನಾನು ನನ್ನ ಮುಂಗೈಯನ್ನೇ ದಿಟ್ಟಿಸುತ್ತ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ನನಗಿಂತ ಆರೇಳು ವರ್ಷ ದೊಡ್ಡವಳು, ತನ್ನ ಮುಂಗೈಯನ್ನು ಬಿಟ್ಟು ನನ್ನದನ್ನೇ ನೋಡುತ್ತಿದ್ದಳು.

"ನಿಮಗೂ ಗುಂಡಿಗೀದೇನ್ರಿ ಅಕ್ಕಾರ?"

"ಹೌದು. ನಿಮಗೆ?"

"ನಂದು ರೊಟ್ಟಿ ಬಡಿಯಾಗ ಗೊತ್ತಾತ್ರಿ. ಮೊದ್ಲ ಕುಂತ್ರ ನೂರು ಬಡಿದು ಏಳ್ತಿದ್ದೆ. ಈಗ ಮೂವತ್ತಕ್ಕ ಎದಿ ಹಾರಾಕ ಹತ್ತೈತಿ. ನನ್ನ ಕವಾಟ ತೆರಿಯವಲ್ದಂತ. ನಿಮ್ದು?"

"ನನ್ನದು ಮುಚ್ಚುತ್ತಿಲ್ಲವಂತೆ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಚಲೋ ಆತು ಬಿಡ್ರಿ. ನನ್ನ ಬಾಗ್ಲಾ ತೆರಿಯೂದಿಲ್ಲ, ನಿಮ್ಮ ಬಾಗ್ಲಾ ಮುಚ್ಚೂದಿಲ್ಲ. ಇಬ್ರೂ ಕೂಡಿದ್ರ ಒಂದು ಮನಿ ಆಗ್ತೈತಿ."

ಅವಳ ಹೆಸರು ಮೈಲಮ್ಮ. ತಂಬ್ರಹಳ್ಳಿಯವಳು. ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ, ಮೊದಲ ಬಸ್ಸಿಗೆ ನಮ್ಮ ಊರಿನ ಖಾನಾವಳಿಗೆ ಕಳಿಸುತ್ತಿದ್ದಳು. ದವಾಖಾನೆಯ ಸುಶೀಲಾ ಸಿಸ್ಟರ್ ನಮ್ಮಿಬ್ಬರನ್ನೂ ಒಳಗೆ ಕರೆದು ಒಂದು ಸೀಸೆ ತೋರಿಸಿದರು. ಅದು ದೊಡ್ಡ ಸೀಸೆ. ಇಬ್ಬರಿಗೆ ಸಾಲುವಷ್ಟು ಔಷಧಿ ಇರುವಂಥದ್ದು. ಕಡಿಮೆ ಬೀಳುತ್ತದೆಂದು ಅದನ್ನೇ ತರಿಸುತ್ತಿದ್ದರು. ಒಮ್ಮೆ ನೀರು ಬೆರೆಸಿದರೆ ಎತ್ತಿಡುವಂತಿಲ್ಲ.

"ಒಬ್ರಿಗೆ ಅಂತ ಒಡೆದ್ರ ಅರ್ಧ ಚೆಲ್ಲಬೇಕಾಗ್ತೈತಿ, ಪೂರಾ ರೊಕ್ಕಾನೂ ಕೊಡಬೇಕಾಗ್ತೈತಿ. ನೀವಿಬ್ರೂ ಒಂದ ದಿನ ಬರ್ರಿ. ಅರ್ಧರ್ಧ ಹಂಚ್ಕೊಳ್ರಿ" ಎಂದರು ಸಿಸ್ಟರ್.

ಹೀಗೆ ಆ ದವಾಖಾನೆಯಲ್ಲಿ ಇನ್ನೂ ಕೆಲವು ಜೋಡಿಗಳಿದ್ದವು ಎಂದು ಆಮೇಲೆ ತಿಳಿಯಿತು. ಸಿಸ್ಟರ್ ಎರಡು ಹೊಸ ಸಿರಿಂಜಿಗೆ ಒಂದೇ ಸಲಕ್ಕೆ ಔಷಧಿ ಎಳೆದುಕೊಂಡು, ಅವೆರಡನ್ನೂ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಬೆಚ್ಚಗೆ ಮಾಡುವರು. ತಣ್ಣಗಿದ್ದರೆ ಹೆಚ್ಚು ನೋಯುತ್ತದೆ ಎಂದು ಯಾವ ಪುಸ್ತಕದಲ್ಲಿ ಓದಿದ್ದರೋ ಕಾಣೆ. ಆ ಅಂಗೈಗಳ ಬಿಸಿಯನ್ನು ನಾನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಅವ್ವನಿಗೆ ಇದು ಹಿಡಿಸಲಿಲ್ಲ. "ಒಂದ ಸೀಸಿ ಔಷಧಿ ಇಬ್ರಿಗೇನು? ಅದೂ ಯಾರೋ ರೊಟ್ಟಿ ಮಾರೋ ಹೆಣ್ಮಗಳ ಜೋಡಿ? ನಮ್ಮ ಮನ್ಯಾಗ ಏನ್ ಕಡಿಮಿ ಆಗೇತಿ?"

"ಸೂಜಿ ಬೇರೆ ಬೇರೆ, ಅವ್ವ. ಕಾಯಿಲೆ ಮಾತ್ರ ಒಂದೇ" ಎಂದೆ. ಮಾತಿನಲ್ಲಿ ಗೆದ್ದೆನೆಂಬ ಸಂತೋಷ ಆಗ ನನಗೆ ಸುಲಭವಾಗಿ ಆಗುತ್ತಿತ್ತು.

ಎರಡನೆಯ ವರ್ಷ, ಸೂಜಿಯ ದಿನವೇ ನನ್ನನ್ನು ನೋಡಲು ಕೂಡ್ಲಿಗಿಯಿಂದ ಗಂಡಿನ ಕಡೆಯವರು ಬಂದರು. "ಒಂದು ದಿನ ಆಚೀಚಿ ಆದ್ರ ಏನೂ ಆಗಾಂಗಿಲ್ಲ" ಎಂದು ಅವ್ವ ತಡೆದಳು. ಉಪ್ಪಿಟ್ಟು, ಮಾತು, ಮತ್ತೆ ಮಾತು. ಮಧ್ಯಾಹ್ನ ಕಳೆಯಿತು. ನನ್ನ ಕಣ್ಣ ಮುಂದೆ ಮಾತ್ರ ಒಡೆಯದ ಸೀಸೆಯ ಎದುರು ಕೂತ ಮೈಲಮ್ಮನೇ ಇದ್ದಳು. ಬಂದವರು ಎದ್ದು ಹೊರಟದ್ದೇ ತಡ, ರೇಷ್ಮೆ ಸೀರೆಯಲ್ಲೇ, ತಲೆತುಂಬ ಹೂವಿನೊಂದಿಗೆ ದವಾಖಾನೆಗೆ ಓಡಿದೆ. ಓಡಬಾರದು ಎಂದು ಡಾಕ್ಟರು ಹೇಳಿದ್ದರೂ ಓಡಿದೆ.

ಮೈಲಮ್ಮ ಬೆಂಚಿನ ಮೇಲೆಯೇ ಇದ್ದಳು. ಮಧ್ಯಾಹ್ನದ ಬಸ್ಸು ಅವಳನ್ನು ಬಿಟ್ಟು ಹೋಗಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂದಳು: "ಏನ್ರಿ ಅಕ್ಕಾರ, ಸೂಜಿಗೆ ಇಷ್ಟು ಸಿಂಗಾರ? ಒಳಗ ಡಾಕ್ಟರು ಬಾಸಿಂಗ ಕಟ್ಕೊಂಡು ಕುಂತಾರೇನು?"

"ನೀನು ಒಬ್ಬಳೇ ತಗೊಂಡು ಹೋಗಬಹುದಿತ್ತಲ್ಲ!"

"ನಿಮ್ಮರ್ಧ ಚೆಲ್ಲಿ ಹೋಗ್ಲೇನು? ಕುಂಡ್ರೂದಕ್ಕೇನು, ಕುಂತೆ. ಗಂಡು ಹೆಂಗ್ ಅದಾನ ಹೇಳ್ರಿ ಮೊದ್ಲ."

ಆ ಸಂಬಂಧ ಕೂಡಿ ಬರಲಿಲ್ಲ. ಅದಕ್ಕೆ ನನ್ನ ಗುಂಡಿಗೆ ಕಾರಣವೋ ನನ್ನ ಬಾಯಿ ಕಾರಣವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಮೈಲಮ್ಮನ ಆ ಅರ್ಧ ದಿನ ನನ್ನನ್ನು ಕಾಡತೊಡಗಿತು. ಒಬ್ಬ ದುಡಿಯುವ ಹೆಂಗಸು, ಔಷಧಿಯ ಪೂರ್ತಿ ಬೆಲೆ ಕೊಡಲಾರದ ಒಂದೇ ಕಾರಣಕ್ಕೆ, ಇನ್ನೊಬ್ಬಳ ಮದುವೆಯ ಮಾತುಕತೆ ಮುಗಿಯುವವರೆಗೆ ಕಾಯಬೇಕೇ? ಅಷ್ಟರಲ್ಲಿ ನಾನು ಊರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ವಾರವಿಡೀ ಕೂತು ಒಂದು ಮನವಿ ಸಿದ್ಧಪಡಿಸಿದೆ. ದವಾಖಾನೆಯಲ್ಲಿ ಬರೆದುಕೊಡುವ ಔಷಧಿಗೆ ರೋಗಿಯಿಂದ ಹಣ ಪಡೆಯಬಾರದು. ಗುಂಡಿಗೆಯ ರೋಗಿಗಳಿಗೆ ಒಬ್ಬೊಬ್ಬರಿಗೂ ಅವರದೇ ಸಣ್ಣ ಸೀಸೆ ಸಿಗಬೇಕು. ಯಾರೂ ತಮ್ಮ ಚಿಕಿತ್ಸೆಗಾಗಿ ಇನ್ನೊಬ್ಬರ ದಾರಿ ಕಾಯುವಂತಿರಬಾರದು. ಈ ಕೊನೆಯ ವಾಕ್ಯ ನನಗೆ ಬಹಳ ಪ್ರಿಯವಾಗಿತ್ತು. ಅದನ್ನು ಮೂರು ಸಲ ತಿದ್ದಿ ಬರೆದಿದ್ದೆ.

ದವಾಖಾನೆಯ ಅಧ್ಯಕ್ಷರು ಅಪ್ಪನ ಗೆಳೆಯರು, ಶೇಂಗಾ ವ್ಯಾಪಾರಿ ಚನ್ನಬಸಪ್ಪ ಕಾಕಾ. ಸಭೆಯಲ್ಲಿ ಅವರು ನನ್ನ ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು. "ಗಿರಿಜವ್ವ, ನೀ ಹೇಳೋದು ಚಂದ ಐತಿ. ಆದ್ರ ಪುಕ್ಕಟೆ ಕೊಟ್ರ ಔಷಧಿಗೆ ಕಿಮ್ಮತ್ತು ಇರಾಂಗಿಲ್ಲ. ಮಂದಿ ಬರೂದಽ ಬಿಡ್ತಾರ."

"ಕಾಕಾ, ಬೆಲೆ ಕೊಡಲಾರದೆ ಬರುವುದನ್ನು ಬಿಟ್ಟವರನ್ನು ನೀವು ನೋಡಿಯೇ ಇಲ್ಲ. ಯಾಕೆಂದರೆ ಅವರು ಬರುವುದಿಲ್ಲ" ಎಂದೆ.

ಸಭೆ ನಕ್ಕಿತು. ಕಾಕಾ ಕೂಡ ನಕ್ಕರು. ಔಷಧಿಯ ದರ ರದ್ದಾಯಿತು. ಆ ದಿನ ನಾನು ಮನೆಗೆ ನಡೆದು ಬಂದದ್ದು ನೆನಪಿಲ್ಲ; ಕಾಲು ನೆಲದ ಮೇಲೆ ಇರಲಿಲ್ಲ.

ಸಣ್ಣ ಸೀಸೆಗಳು ಬಂದವು. ಇನ್ನು ಯಾರಿಗೆ ಯಾವ ದಿನ ಅನುಕೂಲವೋ ಆ ದಿನ ಬರಬಹುದು. ಶಾಲೆ ಬಿಟ್ಟ ಮೇಲೆ ಹೋಗುವುದು ನನಗೆ ಅನುಕೂಲ. ಬೆಳಗಿನ ಬಸ್ಸಿಗೆ ಬಂದು ಹೋಗುವುದು ಮೈಲಮ್ಮನಿಗೆ. ಮೊದಲ ಸಲ ಅವಳು ಬಂದು ಹೋದಳೆಂದು ಸಿಸ್ಟರ್ ಹೇಳಿದರು. ಎರಡನೆಯ ಸಲ ಬಂದಿರಲಿಲ್ಲ. "ಬರ್ತಾಳ ಬಿಡ್ರಿ, ಆಕಿ ತಪ್ಪಿಸಾಕಿ ಅಲ್ಲ." ಮೂರನೆಯ ಸಲ ನಾನು ಹೋದಾಗಲೂ ಅವಳ ಸೀಸೆ ಕಪಾಟಿನಲ್ಲಿ ಹಾಗೆಯೇ ಇತ್ತು. ಅವಳ ಕವಾಟ ಮೊದಲೇ ಕಿರಿದಾಗಿತ್ತು. ಇನ್ನೊಮ್ಮೆ ಆ ಜ್ವರ ಬಂದರೆ ಅದು ಇನ್ನಷ್ಟು ಮುಚ್ಚಿಕೊಳ್ಳುತ್ತದೆ ಎಂದು ಸಿಸ್ಟರಿಗೂ ನನಗೂ ಗೊತ್ತಿತ್ತು.

ನಾನು ನೇರ ಖಾನಾವಳಿಗೆ ಹೋದೆ. ರೊಟ್ಟಿ ಬರುತ್ತಿದೆಯೇ ಎಂದು ಕೇಳಿದೆ.

"ಬರ್ತಾವ್ರಿ ಟೀಚರ್, ಆದ್ರ ಅರ್ಧ ಬರ್ತಾವ" ಎಂದಳು ಖಾನಾವಳಿಯ ಒಡತಿ. "ಅವೂ ನೋಡ್ರಿಲ್ಲಿ, ಎಷ್ಟು ದಪ್ಪ. ಗಿರಾಕಿ ಬೈತಾರ. ಇದು ಮೈಲಿ ಕೈ ಅಲ್ಲ. ಆಕಿ ರೊಟ್ಟಿ ಹಿಡಿದ್ರ ಬೆಳಕು ಕಾಣ್ತಿತ್ತು."

ಒಂದು ರೊಟ್ಟಿಯನ್ನು ಎತ್ತಿ ಹಿಡಿದು ನೋಡಿದೆ. ಬೆಳಕು ಕಾಣಲಿಲ್ಲ.

ಅದೇ ವಾರ ಚನ್ನಬಸಪ್ಪ ಕಾಕಾ ಅಂಗಡಿಗೆ ಬಂದವರು ಹೇಳಿದರು: "ಗುಂಡಿಗಿ ಪೇಷಂಟ್ಸ್ ಬರೂದು ಕಡಿಮಿ ಆಗೇತಂತ ಸಿಸ್ಟರ್ ಹೇಳಿದ್ರು. ನಾ ಅಂದಿರ್ಲಿಲ್ಲೇನವ್ವ? ಮುಂದಿನ ಸಭಿಯೊಳಗ ಮತ್ತ ದರ ಹಚ್ಚೂಣು." ಅವರ ಧ್ವನಿಯಲ್ಲಿ ಗೆಲುವಿರಲಿಲ್ಲ, ಬೇಸರವಿತ್ತು.

ಭಾನುವಾರ ತಂಬ್ರಹಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಚರ್ಚೆಗೆ ಸಿದ್ಧವಾಗುವವಳಂತೆ ಕಾರಣಗಳನ್ನು ಜೋಡಿಸಿದೆ. ಬಸ್ಸಿನ ಖರ್ಚೋ, ಸೂಜಿಯ ನೋವೋ, ಗಂಡನ ಅಡ್ಡಿಯೋ, ಯಾರೋ ಹುಟ್ಟಿಸಿದ ಹೆದರಿಕೆಯೋ? ಪ್ರತಿಯೊಂದಕ್ಕೂ ನನ್ನ ಬಳಿ ಉತ್ತರವಿತ್ತು. ಕಾಕಾ ಹೇಳಿದ ಕಾರಣಕ್ಕೆ ಮಾತ್ರ ಇರಲಿಲ್ಲ. ಅವರು ಹೇಳಿದ್ದೇ ನಿಜವಾಗಿದ್ದರೆ? ಅದನ್ನು ಒಪ್ಪಲು ಮನಸ್ಸಿರಲಿಲ್ಲ. ಆದರೆ ತಿಳಿಯದೆ ಹಿಂದಿರುಗಲೂ ಮನಸ್ಸಿರಲಿಲ್ಲ.

ಮೈಲಮ್ಮನ ಮನೆಯಲ್ಲಿ ಒಲೆಯ ಮುಂದೆ ಕೂತು ಮರುದಿನಕ್ಕೆ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಅವಳ ಅತ್ತೆ ಹನುಮವ್ವ. ಮೈಲಮ್ಮ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಹಿಮ್ಮಡಿಯಿಂದ ಕಾಲುಂಗುರದ ಬೆರಳುಗಳವರೆಗೂ ಬಾವು. ನನ್ನನ್ನು ಕಂಡು ಏಳಹೋಗಿ, ಏದುಸಿರು ಬಂದು, ಮತ್ತೆ ಕೂತಳು.

"ಬರ್ರಿ ಅಕ್ಕಾರ. ಇಲ್ಲಿಗಂಟ ಬಂದ್ರೇನು!"

"ಯಾಕೆ ಬರಲಿಲ್ಲ, ಮೈಲಮ್ಮ?"

"ಬರಬೇಕಂತನ ಮಾಡಿದ್ನಿರಿ. ಒಂದಿನ ಜೋಳ ಬೀಸಿಸೂದು ಬಂತು. ಒಂದಿನ ಮನಿಗೆ ಬೀಗರು ಬಂದ್ರು. ನಾಳಿ ಹೋದ್ರಾತು, ನಾಳಿ ಹೋದ್ರಾತು ಅಂತ."

"ಆಗಲೂ ಜೋಳ ಬೀಸಿಸುವುದಿತ್ತು, ಆಗಲೂ ಬೀಗರು ಬರುತ್ತಿದ್ದರು. ಆಗ ಬರುತ್ತಿದ್ದೆಯಲ್ಲ? ಈಗ ಒಂದು ಪೈಸೆ ಕೊಡಬೇಕಾಗಿಲ್ಲ. ಕಾಯಬೇಕಾಗಿಲ್ಲ."

"ಅದಕ್ಕಽ ನೋಡ್ರಿ" ಎಂದಳು ಮೈಲಮ್ಮ. ಹೇಳಲೋ ಬೇಡವೋ ಎಂಬಂತೆ ಅತ್ತೆಯ ಕಡೆ ನೋಡಿದಳು. "ಆಗ ನಾ ಬರದಿದ್ರ ನಿಮ್ಮರ್ಧ ಕೆಡ್ತಿತ್ತು. ಅಕ್ಕಾರು ಅಲ್ಲಿ ಕುಂತಿರ್ತಾರ ಅಂತ ಹಿಟ್ಟು ಹಂಗಽ ಬಿಟ್ಟು ಎದ್ದು ಬರ್ತಿದ್ದೆ. ಈಗ ನಾ ಬರದಿದ್ರ ಯಾರದೇನ್ ಕೆಡ್ತೈತಿ?"

"ನಿನ್ನ ಗುಂಡಿಗೆ ಕೆಡುತ್ತದೆ!"

"ನಂದ ಅಲ್ಲೇನ್ರಿ ಅದು" ಎಂದಳು. ದುಃಖದಿಂದಲ್ಲ, ಬಹಳ ಸಾಮಾನ್ಯವಾದ ವಿಷಯವೊಂದನ್ನು ತಿಳಿಯದವರಿಗೆ ತಿಳಿಸುವಂತೆ.

ಹನುಮವ್ವ ಜರಡಿ ನಿಲ್ಲಿಸಿದಳು. "ನಾನಽ ಈಕೀನ ಹೊರಗ ದಬ್ಬತಿದ್ದೆ ನೋಡವ್ವ. ಹೋಗಲೇ ಮೈಲಿ, ಮಂದಿ ಔಷಧಿ ಹಾಳ ಮಾಡಬ್ಯಾಡ ಅಂತ. ಈಗ ಈಕಿ ಸೀಸಿ ಈಕಿದು. ಮನಿ ಕೆಲಸ ಬಿಟ್ಟು ಹೋಗಂತ ನಾ ಯಾವ ಬಾಯಿಲೆ ಹೇಳ್ಲಿ, ಆಕಿಯರ ಯಾವ ಬಾಯಿಲೆ ಕೇಳ್ಯಾಳು?"

ನನ್ನ ಮನವಿಯ ಪ್ರಿಯವಾದ ಆ ವಾಕ್ಯ ಅಲ್ಲಿ ಆ ಹಿಟ್ಟಿನ ಧೂಳಿನಲ್ಲಿ ನನ್ನೆದುರು ನಿಂತಿತು. ಯಾರೂ ಇನ್ನೊಬ್ಬರ ದಾರಿ ಕಾಯುವಂತಿರಬಾರದು. ಇಪ್ಪತ್ತೊಂದು ದಿನಕ್ಕೊಮ್ಮೆ ಈ ಹೆಂಗಸನ್ನು ಒಲೆಯ ಮುಂದಿನಿಂದ ಎಬ್ಬಿಸಿ ಬಸ್ಸು ಹತ್ತಿಸುತ್ತಿದ್ದದ್ದು ಔಷಧಿಯ ಬೆಲೆಯಾಗಿರಲಿಲ್ಲ. ಬೆಲೆಯ ಕಾರಣಕ್ಕೆ ಹುಟ್ಟಿದ ಒಂದು ಜೊತೆಯಾಗಿತ್ತು. ತನಗಾಗಿ ಮನೆಬಿಟ್ಟು ಹೊರಡುವ ಹಕ್ಕು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಇನ್ನೊಬ್ಬಳಿಗಾಗಿ ಹೊರಡುವುದನ್ನು ಯಾರೂ ತಡೆದಿರಲಿಲ್ಲ. ನಾನು ಬೆಲೆಯನ್ನು ತೆಗೆಯಹೋಗಿ, ಅವಳಿಗಿದ್ದ ಒಂದೇ ನೆಪವನ್ನೂ ತೆಗೆದುಹಾಕಿದ್ದೆ.

ಬೆರಳು ಮಡಿಸಿ ದಿನಗಳನ್ನು ಲೆಕ್ಕ ಹಾಕತೊಡಗಿದೆ. ಅವಳದು ಎಷ್ಟು ದಿನ ತಪ್ಪಿದೆ ಎಂದು ಎಣಿಸುವಾಗ ನನ್ನದೂ ಕೈಗೆ ಸಿಕ್ಕಿತು. ಅವಳ ಸೀಸೆ ಕಪಾಟಿನಲ್ಲಿದೆಯೆಂದು ತಿಳಿದ ಆ ದಿನ ಗಾಬರಿಯಲ್ಲಿ ಖಾನಾವಳಿಗೆ ಓಡಿದವಳು, ನನ್ನ ಸೂಜಿಯನ್ನು ಹಾಕಿಸಿಕೊಂಡೇ ಇರಲಿಲ್ಲ. ಆಮೇಲೆ ಶಾಲೆಯ ಪರೀಕ್ಷೆಯ ಪತ್ರಿಕೆಗಳು, ನಾಳೆ ನಾಳೆ ಎಂದು ನಾನೂ ಅಂದಿದ್ದೆ.

"ಮೈಲಮ್ಮ, ನಾನೂ ಹಾಕಿಸಿಲ್ಲ. ನಾಲ್ಕು ದಿನ ದಾಟಿತು" ಎಂದೆ.

ಅವಳ ಮುಖವೇ ಬದಲಾಯಿತು. "ಏನಂದಿ? ಯವ್ವಾ, ಓದಿದಾಕಿ ನೀನು! ಸಾಲಿ ಹುಡುಗರಿಗೆ ಬುದ್ಧಿ ಹೇಳಾಕಿ! ನಾಲ್ಕು ದಿನ?" ಮೊದಲ ಬಾರಿಗೆ ಅವಳು ನನ್ನನ್ನು ಏಕವಚನದಲ್ಲಿ ಬೈದಳು. ಗೋಡೆ ಹಿಡಿದು ಎದ್ದು ನಿಂತಳು. "ಅತ್ತಿ, ನನ್ನ ಚೀಟಿ ಎಲ್ಲೈತಿ? ಈಕಿನ್ನ ಕರಕೊಂಡು ಹೋಗಿ ಬರ್ತೀನಿ."

"ಹೋಗು ಹೋಗು, ಬಸ್ಸು ಬರೋ ಹೊತ್ತಾತು" ಎಂದು ಹನುಮವ್ವ ಆಗಲೇ ಅವಳ ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟಿದ್ದಳು. "ಪಾಪ, ದೂರದಿಂದ ಬಂದೈತಿ ಹುಡುಗಿ."

ಬಸ್ಸಿನಲ್ಲಿ ಅವಳು ಎರಡು ಸಲ ಕೆಮ್ಮಿದಳು. ಪ್ರತಿ ಸಲವೂ ನನ್ನನ್ನೇ, "ಉಸುರು ಬರಾಕತ್ತೈತಿಲ್ಲ ಸರಿಯಾಗಿ?" ಎಂದು ಕೇಳಿದಳು.

ಭಾನುವಾರವಾದರೂ ಸುಶೀಲಾ ಸಿಸ್ಟರ್ ಮನೆಯಿಂದ ಬಂದು ಬಾಗಿಲು ತೆರೆದರು. ಡಾಕ್ಟರನ್ನೂ ಕರೆಸಿ ಇಬ್ಬರಿಗೂ ಸೂಜಿ ಹಾಕಿದರು. ಡಾಕ್ಟರು ಮೈಲಮ್ಮನ ಎದೆಯನ್ನು ಕೇಳಿ, ಬಾವು ಇಳಿಯಲು ಮಾತ್ರೆ ಬರೆದು, ದಾವಣಗೆರೆಗೆ ಕಳಿಸಿದರು. ಕವಾಟ ಮೊದಲಿಗಿಂತ ಕಿರಿದಾಗಿತ್ತು. ಅಲ್ಲಿ ಅದನ್ನು ಬಲೂನಿನಿಂದ ಹಿಗ್ಗಿಸಬೇಕಾಯಿತು; ಹಿಗ್ಗಿಸಿದರು. ಅವಳ ಅಂದಿನ ಬಾವಿನಲ್ಲಿ ನನ್ನ ವಾಕ್ಯದ ಪಾಲು ಎಷ್ಟು, ಅದಿಲ್ಲದೆಯೂ ಅದು ಬರುತ್ತಿತ್ತೇ ಎಂದು ನಾನು ಅಲ್ಲಿನ ಡಾಕ್ಟರನ್ನು ಕೇಳಿದೆ. "ಯಾರಿಗೂ ಹೇಳಲಾಗದು" ಎಂದರು. ಎರಡೂ ಪಕ್ಷದಿಂದ ವಾದಿಸಬಲ್ಲ ಪ್ರಶ್ನೆಗಳನ್ನು ಪ್ರೀತಿಸುತ್ತಿದ್ದವಳಿಗೆ ಅದೊಂದು ಪ್ರಶ್ನೆಯನ್ನು ಮಾತ್ರ ಇಂದಿಗೂ ಪ್ರೀತಿಸಲು ಆಗಿಲ್ಲ.

ಮುಂದಿನ ಸಭೆಯಲ್ಲಿ ಎದ್ದು ನಿಂತು, ನನ್ನ ಮನವಿಯ ಒಂದು ವಾಕ್ಯ ತಪ್ಪಾಗಿತ್ತು ಎಂದೆ. ಉಳಿದದ್ದು ತಪ್ಪಲ್ಲ. ದರ ಮತ್ತೆ ಬರಬಾರದು. ಜೋಡಿ ಮತ್ತೆ ಬರಬೇಕು. ತಂಬ್ರಹಳ್ಳಿಯ ಮನೆಯಲ್ಲಿ ಕೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಚನ್ನಬಸಪ್ಪ ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರ ನಾ ತಿಳ್ಕೊಂಡದ್ದೂ ತಪ್ಪು, ನೀ ತಿಳ್ಕೊಂಡದ್ದೂ ತಪ್ಪು."

"ಹೌದು, ಕಾಕಾ."

"ಹಂಗಾದ್ರ ಬರಕೊಳ್ರಿ" ಎಂದು ಸಿಸ್ಟರ್ ಕಡೆ ತಿರುಗಿದರು.

ಅಂದಿನಿಂದ ಪ್ರತಿ ರೋಗಿಯ ಕಾರ್ಡಿನ ಮೇಲೆ ಅವರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು ಬರೆಯತೊಡಗಿದರು. ಸೀಸೆ ಬೇರೆ ಬೇರೆ, ಹಣವಿಲ್ಲ. ಆದರೆ ಒಬ್ಬರು ಬರುವವರೆಗೆ ಇನ್ನೊಬ್ಬರ ಸೂಜಿ ತೆಗೆಯುವುದಿಲ್ಲ. ಬರದಿದ್ದರೆ ಸಂಜೆಯೊಳಗೆ ಹುಡುಕಿಕೊಂಡು ಹೋಗಬೇಕು. ಬೇರೆ ಊರುಗಳಲ್ಲಿ ಇದು ನಡೆದೀತೋ ಇಲ್ಲವೋ ನಾನರಿಯೆ. ಮನೆಯವರ ಮುಂದೆ "ನನಗಾಗಿ ಹೋಗುತ್ತೇನೆ" ಎನ್ನಲು ಇನ್ನೂ ಬಾಯಿ ಬಾರದವರಿಗೆ ಇದು ಸಾಕಾಗುತ್ತದೆ ಎಂಬಷ್ಟು ಮಾತ್ರ ಕಂಡಿದ್ದೇನೆ.

ಹತ್ತು ವರ್ಷ ತುಂಬಿದಾಗ ದಾವಣಗೆರೆಯ ಡಾಕ್ಟರು ನನ್ನ ಎದೆಯನ್ನು ಮತ್ತೆ ಕಣ್ಣು ಮುಚ್ಚಿ ಕೇಳಿ, ಇನ್ನು ಸೂಜಿ ಬೇಡ ಎಂದರು. ಮೈಲಮ್ಮನಿಗೆ ಅದು ಬದುಕಿರುವವರೆಗೂ ಬೇಕು. ಈ ಸುದ್ದಿಯನ್ನು ಅವಳಿಗೆ ಹೇಗೆ ಹೇಳಬೇಕೆಂದು ತಿಳಿಯದೆ, ಅವಳು ಸೂಜಿ ಮುಗಿಸಿ ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಅವಳ ಬಸ್ಸು ಬರುವವರೆಗೂ ತಡೆದೆ. ಕೊನೆಗೆ ಹೇಳಿದೆ.

ಅವಳು ಖುಷಿಯಿಂದ ನನ್ನ ಕೆನ್ನೆ ಸವರಿ ತನ್ನ ಹಣೆಗೆ ಬೆರಳೊತ್ತಿ ನೆಟಿಗೆ ಮುರಿದಳು. ಆಮೇಲೆ ಖಾಲಿ ಬುಟ್ಟಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸಿದಳು.

"ಹಂಗಾದ್ರ ಸಿಸ್ಟರಿಗೆ ಹೇಳಿ ನನ್ನ ಕಾರ್ಡಿನ ಮ್ಯಾಲಿಂದ ನಿನ್ನ ಹೆಸರು ಹೊಡಸ್ತೀನಿ. ಬ್ಯಾರೆ ಯಾರನರ ಬರಕೊಳ್ಳಿ."

"ಯಾಕೆ? ಡಾಕ್ಟರು ನಿಲ್ಲಿಸಿದ್ದು ನನ್ನ ಸೂಜಿಯನ್ನು. ನಿನ್ನ ಕಾರ್ಡಿನ ಬಗ್ಗೆ ಏನೂ ಹೇಳಲಿಲ್ಲ."

ಬಸ್ಸು ಬಂದು ನಿಂತಿತು. ಅವಳು ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಹತ್ತಿದಳು. ಸೀಟು ಹಿಡಿದು ಕೂತ ಮೇಲೆ ಕಿಟಕಿಯಿಂದ ತಲೆ ಹೊರಹಾಕಿದಳು.

"ಮುಂದಿಂದು ಸೋಮವಾರ ಬರ್ತೈತಿ" ಎಂದಳು. "ನಾ ಮೊದ್ಲ ಬಸ್ಸಿಗೆ ಇರ್ತೀನಿ. ತಡಾ ಮಾಡಬ್ಯಾಡ ನೀನು."